ಮುಖ ತೋರಿಸಿ ಹೋಗು

ಜೋಳದ ಹಿಟ್ಟಿಗೆ ಹಾಕುವ ನೀರು ಎಷ್ಟು ಕುದ್ದಿರಬೇಕು ಎಂಬುದಕ್ಕೆ ನನ್ನಲ್ಲಿ ಗಡಿಯಾರದ ಲೆಕ್ಕವಿಲ್ಲ; ಪಾತ್ರೆಯ ತಳದಿಂದ ಸಾಸಿವೆಯಷ್ಟು ಗುಳ್ಳೆಗಳು ಏಳುವುದನ್ನು ನೋಡುತ್ತ ನಿಂತು, ಅವು ಕಡಲೆಯಷ್ಟಾಗುವ ಹೊತ್ತಿಗೆ ಇಳಿಸಿಬಿಡುತ್ತೇನೆ. ನೀರು ಸಾಕಷ್ಟು ಕಾಯದಿದ್ದರೆ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಮಿತಿಮೀರಿ ಕುದ್ದರೆ ಹಿಟ್ಟು ಕೈಬಿಡದೆ ಅಂಟುತ್ತದೆ. ಕಡ್ಡಿರಾಂಪುರದ ರಸ್ತೆಗೆ ಮುಖ ಮಾಡಿಕೊಂಡಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಬೆಳಿಗ್ಗೆ ಏಳಕ್ಕೆ ಹೊತ್ತಿದ ಮೂರು ಒಲೆಗಳು ಮಧ್ಯಾಹ್ನ ಒಂದರವರೆಗೆ ಆರುವುದಿಲ್ಲ. ಹಂಪಿಗೆ ಹೋಗುವ, ಹಂಪಿಯಿಂದ ಬರುವ ಜನ ಊಟಕ್ಕೆ ನಿಲ್ಲುವ ನಾಲ್ಕು ಖಾನಾವಳಿಗಳಿಗೆ ರೊಟ್ಟಿ ಇಲ್ಲಿಂದಲೇ ಹೋಗಬೇಕು. ಹೀಗೆ ಇಪ್ಪತ್ತು ವರ್ಷ ಒಲೆಯ ಮುಂದೆ ಕುಳಿತವಳಿಗೆ ಬೇರೇನು ತಿಳಿಯದಿದ್ದರೂ ಒಂದು ತಿಳಿಯುತ್ತದೆ, ಗೆಳೆಯರೇ: ರೊಟ್ಟಿ ಬಡಿಯುವ ಸದ್ದಿನಲ್ಲಿ ಬಡಿಯುವವರ ಮನಸ್ಸು ಕೇಳಿಸುತ್ತದೆ.

ನನ್ನ ಜೊತೆ ಕುಳಿತುಕೊಳ್ಳುವ ಗಂಗವ್ವನದು ಅರವತ್ತರ ಹತ್ತಿರದ ಗಟ್ಟಿ ಕೈ; ಅವಳ ಬಡಿತ ನಾಲ್ಕು ಮನೆಯಾಚೆಗೂ ಕೇಳುತ್ತದೆ, ಅವಳ ಮಾತಿನ ಹಾಗೆಯೇ. ರೇಣುಕಾಳದು ಬೇರೆ. ಎರಡು ವರ್ಷದ ಹಿಂದೆ ಕೆಲಸಕ್ಕೆ ಬಂದಾಗ ಇಪ್ಪತ್ತಮೂರರ ಹುಡುಗಿ, ಕಂಪ್ಲಿಯ ಕಡೆಯವಳು, ಅವಳ ಅಂಗೈಯ ಕೆಳಗೆ ರೊಟ್ಟಿ ತಾನಾಗಿಯೇ ಸುತ್ತುತ್ತಿದೆಯೇನೋ ಎಂಬಂತೆ ಮೆತ್ತಗೆ, ಬೇಗಬೇಗ, ಎಲ್ಲೂ ತಡವರಿಸದೆ ಬಡಿಯುತ್ತಿದ್ದಳು. ಆ ಸದ್ದು ನಡುವೆ ನಿಲ್ಲುತ್ತಿದ್ದದ್ದು ಒಂದೇ ಕಾರಣಕ್ಕೆ. ರಸ್ತೆಯ ಮೇಲೆ ಎರಡು ಸಲ ಹಾರನ್ ಆಗುತ್ತಿತ್ತು. ಕೂಡಲೇ ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲಿಗೆ ಓಡುತ್ತಿದ್ದಳು.

ಹಾರನ್ ಅವಳ ಗಂಡ ಮಲ್ಲೇಶಿಯದು. ಹೊಸಪೇಟೆಯಿಂದ ಹಂಪಿಗೆ ಸೀಟಿಗಿಷ್ಟೆಂದು ಜನರನ್ನು ಕೂರಿಸಿಕೊಂಡು ಆಟೋ ಓಡಿಸುವವನು, ದಿನಕ್ಕೆ ಹತ್ತು ಹನ್ನೆರಡು ಸಲ ನಮ್ಮ ಮನೆಯ ಮುಂದೆ ಹಾಯುತ್ತಾನೆ. ಹಾಯುವಾಗೆಲ್ಲ ಎರಡು ಹಾರನ್. ಇವಳು ಹೊರಗೆ ಬಂದು ಮುಖ ತೋರಿಸಬೇಕು. ಅವನು ತಲೆಯಾಡಿಸಿ ಮುಂದೆ ಹೋಗಬೇಕು. ಮನಸ್ಸಿಗೆ ಒಪ್ಪಿ ಮದುವೆಯಾದವರು. ಸಂಡೂರಿನಲ್ಲಿರುವ ಅಕ್ಕನ ಮನೆಗೆ ಇವಳು ಹೋಗಿಬರುತ್ತಿದ್ದಾಗ ಅದೇ ತಾಲೂಕಿನ ಚೋರನೂರಿನ ಈ ಹುಡುಗ ಕಣ್ಣಿಗೆ ಬಿದ್ದಿದ್ದನಂತೆ.

"ಏಳವಾ, ನಿಮ್ಮ ಸಾಹೇಬ್ರು ಬಂದ್ರು, ಹಾಜರಿ ಹಾಕಿ ಬಾ," ಎಂದು ಗಂಗವ್ವ ಕಾಡುತ್ತಿದ್ದಳು. "ಇಲ್ಲಂದ್ರ ಆಟೋ ಇಲ್ಲೇ ಕೆಟ್ಟು ನಿಂದರತೈತಿ."

"ಹೋಗ್ರಿ ಗಂಗಜ್ಜಿ, ನಿಮಗ ಹೊಟ್ಟಿಕಿಚ್ಚು," ಎಂದು ಅವಳು ಕೆಂಪಾಗುತ್ತಿದ್ದಳು.

"ಯಾಕ ಆಗಬಾರದು? ನನ್ನ ಗಂಡ ಹ್ವಾದಾಂವ ಮೂವತ್ತು ವರ್ಷ ಆತು, ಒಂದು ಸೈಕಲ್ ಬೆಲ್ ಸುದ್ಧಾ ಹೊಡದಿಲ್ಲ."

ನಗುತ್ತಿದ್ದೆವು. ನಾನಂತೂ ನಗುವುದರ ಜೊತೆಗೆ ಇನ್ನೂ ಒಂದು ಮಾತು ಸೇರಿಸುತ್ತಿದ್ದೆ: "ಎಷ್ಟು ಜೀವ ಇಟ್ಕೊಂಡಾನ ನೋಡ ನಿನ್ನ ಮ್ಯಾಲ." ಈಗ ಈ ಮಾತನ್ನು ನೆನೆದರೆ ನಾಲಿಗೆಯ ಮೇಲೆ ಬೂದಿ ಬಿದ್ದಂತಾಗುತ್ತದೆ. ಆದರೆ ಅವತ್ತು ಅದನ್ನು ಮನಸಾರೆಯೇ ಹೇಳಿದ್ದೆ. ಹೆಂಡತಿಯ ಮುಖವನ್ನು ಹನ್ನೆರಡು ಸಲ ನೋಡಬೇಕೆನ್ನುವ ಗಂಡಸು ನಮ್ಮ ಕಾಲದಲ್ಲಿ ಯಾರಿಗೆ ಸಿಕ್ಕಿದ್ದ? ನಮ್ಮ ಗಂಡಂದಿರು ಊಟಕ್ಕೆ ಕುಳಿತಾಗಲೂ ತಟ್ಟೆಯನ್ನೇ ನೋಡುತ್ತಿದ್ದರು.

ಹಂಚಿನ ಮೇಲೆ ರೊಟ್ಟಿ ಇದ್ದಾಗ ಹಾರನ್ ಆದರೆ ರೇಣುಕಾಳ ಮುಖ ಹೇಗಾಗುತ್ತಿತ್ತು ಎಂಬುದನ್ನು ನಾನು ಗಮನಿಸಬೇಕಿತ್ತು. ಅವಳು ರೊಟ್ಟಿ ಹೊತ್ತಿದರೂ ಸರಿಯೆಂದು ಓಡುತ್ತಿದ್ದಳು. ಮುಖ ತೋರಿಸುವುದಕ್ಕೆ ಹೋಗುವ ಹುಡುಗಿಯ ಕಾಲಿನಲ್ಲಿ ಇರಬೇಕಾದದ್ದು ಉತ್ಸಾಹ. ಅವಳ ಕಾಲಿನಲ್ಲಿ ಇದ್ದದ್ದು ಗಾಬರಿ. ಎರಡೂ ಓಟವೇ, ದೂರದಿಂದ ನೋಡುವವರಿಗೆ ಒಂದೇ ತರಹ ಕಾಣುತ್ತದೆ. ನಾನಾದರೋ ದೂರದಲ್ಲೇನೂ ಇರಲಿಲ್ಲ, ಎರಡು ಮೊಳ ಆಚೆಗೆ ಕುಳಿತಿದ್ದೆ.

ಒಂದು ದಿನ ಮದುವೆಯ ಮನೆಯೊಂದಕ್ಕೆ ಹೆಚ್ಚಿನ ರೊಟ್ಟಿ ಕೊಡಬೇಕಿತ್ತು. ಮೂವರೂ ತಲೆ ಎತ್ತದೆ ಬಡಿಯುತ್ತಿದ್ದೆವು, ಹಾರನ್ ಕೇಳಿಸಿದ್ದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಮರುದಿನ ರೇಣುಕಾ ತೋಳು ಪೂರ್ತಿ ಮುಚ್ಚುವ ಕುಪ್ಪಸ ಹಾಕಿಕೊಂಡು ಬಂದಳು. ಒಲೆಯ ಮುಂದೆ ಕೂರುವವರು ಯಾರೂ ಹಾಗೆ ಬರುವುದಿಲ್ಲ. ಹಿಟ್ಟು ನಾದಲು ತೋಳು ಮೇಲಕ್ಕೆ ಸರಿಸಿದಾಗ ಮೊಣಕೈಯ ಕೆಳಗೆ ನೇರಳೆ ಬಣ್ಣದ ಬರೆ ಕಂಡಿತು.

"ಕೊಡ ಜಾರಿತ್ರಿ ಅಕ್ಕಾರ," ಎಂದಳು, ನಾನು ಕೇಳುವ ಮೊದಲೇ.

ಅಂದು ಊಟದ ಹೊತ್ತಿಗೆ ನಮ್ಮ ಮನೆಯವರಿಗೆ ಇದನ್ನು ಹೇಳಿದೆ. ಅವರು ಕೈತುತ್ತನ್ನು ಹಾಗೇ ಹಿಡಿದು, ಎಡಗೈಯಲ್ಲಿ ತಮ್ಮ ಹುಬ್ಬನ್ನು ಒಮ್ಮೆ ಸವರಿಕೊಂಡರು. ಬೇಕೆಂದೇ ಸವರಿಕೊಂಡದ್ದಲ್ಲ; ಸೊಳ್ಳೆ ಕೂತರೆ ಕೈ ಹೋಗುವುದಿಲ್ಲವೇ, ಹಾಗೆ. ಆ ಹುಬ್ಬಿನ ನಡುವೆ ಕೂದಲು ಬೆಳೆಯದ ಒಂದು ಸಣ್ಣ ಗೆರೆಯಿದೆ. ಆ ಗೆರೆ ನನ್ನದು.

ಇದನ್ನು ಬರೆಯದೆ ಮುಂದಕ್ಕೆ ಹೋದರೆ ನಿಮಗೆ ಮೋಸ ಮಾಡಿದಂತೆ, ಅದಕ್ಕೆ ಬರೆಯುತ್ತೇನೆ. ಮದುವೆಯಾದ ಹೊಸದರಲ್ಲಿ ಇವರು ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದರು. ಸಂಜೆ ಆರರ ಬಸ್ಸಿಗೆ ಬರಬೇಕು. ಸುಗ್ಗಿಯ ದಿನಗಳಲ್ಲಿ ಬಸ್ಸು ತಪ್ಪುತ್ತಿತ್ತು. ಆರಕ್ಕೆ ಬಾಗಿಲಲ್ಲಿ ನಿಂತ ನಾನು ಆರೂಕಾಲಕ್ಕೆ ಕಟ್ಟೆಗೆ, ಆರೂವರೆಗೆ ರಸ್ತೆಯ ಅಂಚಿಗೆ ಬರುತ್ತಿದ್ದೆ. ಮೊದಲು ಬರುತ್ತಿದ್ದದ್ದು ಹೆದರಿಕೆ: ಯಂತ್ರದ ಪಟ್ಟಿಗೆ ಕೈ ಸಿಕ್ಕಿತೇ, ಬಸ್ಸು ಮಗುಚಿತೇ, ಅಥವಾ, ಇದನ್ನು ನನಗೆ ನಾನೇ ಪೂರ್ತಿ ಹೇಳಿಕೊಳ್ಳುತ್ತಿರಲಿಲ್ಲ, ಬರುವ ಮನಸ್ಸೇ ಇಲ್ಲವೇ. ಆದರೆ ಏಳರ ಬಸ್ಸಿನಲ್ಲಿ ಅವರು ಇಳಿಯುವುದು ಕಂಡಿತೋ, ಅದೇ ಹೆದರಿಕೆ ಒಂದು ಕ್ಷಣದಲ್ಲಿ ಬೆಂಕಿಯಾಗುತ್ತಿತ್ತು. ಬದುಕಿ ಬಂದರಲ್ಲ ಎಂಬ ಸಂತೋಷಕ್ಕೆ ಬದಲಾಗಿ, ನನ್ನನ್ನು ಇಷ್ಟು ಹೆದರಿಸಿ ಹೀಗೆ ಆರಾಮಾಗಿ ನಡೆದು ಬರುತ್ತಾರಲ್ಲ ಎಂಬ ಉರಿ. ಅಂಥದೊಂದು ಸಂಜೆ ಕಾಲು ತೊಳೆಯಲು ಇಟ್ಟಿದ್ದ ಹಿತ್ತಾಳೆಯ ತಂಬಿಗೆಯನ್ನು ಎತ್ತಿ ಒಗೆದೆ.

ರಕ್ತ ಕಂಡ ಮೇಲೆ ನಾನೇ ಅತ್ತದ್ದು, ನಾನೇ ಅರಿಸಿನ ಒತ್ತಿದ್ದು. ಕೇಳಿದವರಿಗೆಲ್ಲ ಅವರು "ಗಿರಣಿ ಪಟ್ಟಿ ಹೊಡೀತು" ಎಂದರು. ನಮ್ಮ ಮನೆಯಲ್ಲೂ ಆಗ ಕೊಡ ಜಾರಿತ್ತು, ನೋಡಿ.

ಇಂಥ ಹೆದರಿಕೆ ನನಗೆ ಎಲ್ಲಿಂದ ಬಂತು ಎಂದು ಆಮೇಲೆ ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ. ನನ್ನ ಅಪ್ಪ ದಿನವೂ ಹೊತ್ತು ಮುಳುಗುವ ಮೊದಲು ಕೊತ್ತಂಬರಿ ಕಟ್ಟು ಹಿಡಿದು ಮನೆಗೆ ಬರುತ್ತಿದ್ದ ಮನುಷ್ಯ. ಅವ್ವ ಎಂದೂ ನನ್ನನ್ನು ಬಿಟ್ಟು ಇದ್ದವಳಲ್ಲ. ಕೆಲವರ ಹೆದರಿಕೆಗೆ ಊರು, ಕೇರಿ, ಹೆಸರು ಇರುತ್ತದೆ. ಕೆಲವರದು ಬೆಳೆಯ ನಡುವಿನ ಕಳೆಯ ಹಾಗೆ, ಯಾರು ಬಿತ್ತಿದರೋ. ಆದರೆ ಅದು ನಿಂತದ್ದು ಹೇಗೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಮರುದಿನ ಬೆಳಿಗ್ಗೆ ಹುಬ್ಬಿಗೆ ಪಟ್ಟಿ ಕಟ್ಟಿಕೊಂಡವರು ಚಪ್ಪಲಿ ಮೆಟ್ಟುತ್ತ ಹೇಳಿದರು: "ಹೆದರಿಕಿ ಆದ್ರ ಹೆದರಿಕಿ ಆತು ಅನ್ನು, ಸರೋಜಾ. ಎಷ್ಟು ಸಲ ಅಂದ್ರೂ ಕೇಳ್ತೀನಿ. ಇನ್ನೊಮ್ಮೆ ತಂಬಿಗಿ ಒಗದ್ರ ಮಾತ್ರ ನಾ ಕಂಪ್ಲಿಯಾಗ ರೂಮ್ ಮಾಡ್ಕೊಂಡು ಉಳೀತೀನಿ." ದನಿ ಏರಿಸಲಿಲ್ಲ. ಹೇಳಿದ್ದನ್ನು ಮಾಡುವವರೆಂದು ನನಗೆ ಗೊತ್ತಿತ್ತು. ಮುಂದಿನ ಸಲ ಬಸ್ಸು ತಪ್ಪಿ ಬಂದಾಗ "ಎಲ್ಲಿ ಸತ್ತಿದ್ರಿ" ಎಂಬ ಮಾತು ಗಂಟಲವರೆಗೆ ಬಂದದ್ದನ್ನು ನುಂಗಿ, "ನನಗ ಹೆದರಿಕಿ ಆತು" ಎಂದೆ. ಮದುವೆಯ ದಿನ ಎಲ್ಲರ ಮುಂದೆ ಗಂಡನ ಹೆಸರು ಹೇಳುವಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ರೇಣುಕಾಳ ವಿಷಯದಲ್ಲಿ ಏನು ಮಾಡಿದೆ, ಕೇಳಿ.

ಬರೆ ಕಂಡ ಮೂರು ತಿಂಗಳಿಗೆ ಒಂದು ಮುಂಜಾನೆ ಅವಳು ಕೆನ್ನೆ ಊದಿಸಿಕೊಂಡು ನಮ್ಮ ಮನೆಗೆ ಬಂದಳು. ಎರಡು ದಿನ ಒಳಕೋಣೆಯಲ್ಲಿದ್ದಳು. ಮೂರನೆಯ ದಿನ ಮಲ್ಲೇಶಿ ಬಂದ. ಎರಡು ದಿನ ಅನ್ನ ಕಂಡವನ ಹಾಗಿರಲಿಲ್ಲ. ನನ್ನ ಕಾಲು ಹಿಡಿದ, ಗಂಗವ್ವನ ಕಾಲು ಹಿಡಿದ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಾಲಿಗೂ ಬಿದ್ದ. ಎಲ್ಲರ ಮುಂದೆ ಗಂಡಸು ಹಾಗೆ ಅಳುವುದನ್ನು ನೋಡಿದರೆ ನಮ್ಮಂಥವರ ಕರುಳು ತಾಳುವುದಿಲ್ಲ. ಆ ಕಣ್ಣೀರು ಸುಳ್ಳೂ ಆಗಿರಲಿಲ್ಲ. ಈಗಲೂ ಹೇಳುತ್ತೇನೆ, ಅದು ನಿಜವಾದ ಕಣ್ಣೀರು. ಕಣ್ಣೀರು ನಿಜವಾಗಿದ್ದರೆ ಸಾಕು, ಮುಂದಿನದೆಲ್ಲ ಸರಿಹೋಗುತ್ತದೆ ಎಂದುಕೊಂಡದ್ದು ನಮ್ಮ ತಪ್ಪು.

ಗಂಗವ್ವನೂ ನಾನೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದೆವು. ಹುಡುಗಿಗೆ ಇಲ್ಲಿ ತವರಿಲ್ಲ, ನಾವೇ ತವರಿನವರಾಗಿ ಉಡಿ ತುಂಬಿ ಕಳಿಸೋಣ, ಹೊಸದಾಗಿ ಸಂಸಾರ ಹೂಡಿದಂತಾಗಲಿ. ನಾನು ಪೆಟ್ಟಿಗೆಯಿಂದ ಒಳ್ಳೆಯ ಕುಪ್ಪಸದ ಖಣ ತೆಗೆದೆ. ಚಾಪೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಅವಳು ಹಿಡಿದ ಸೆರಗಿನೊಳಗೆ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ಎಲೆ ಅಡಿಕೆ ಒಂದೊಂದಾಗಿ ಹಾಕಿದೆವು. ಉಡಿ ತುಂಬಿಸಿಕೊಂಡವಳು ಎರಡೂ ಕೈಯಿಂದ ಸೆರಗನ್ನು ಹಿಡಿದುಕೊಂಡಿರಬೇಕು; ದಾರಿಯಲ್ಲಿ ಎಲ್ಲೂ ಇಳಿಸಬಾರದು, ನೆಟ್ಟಗೆ ಮನೆಯ ದೇವರ ಮುಂದೆಯೇ ಇಳಿಸಬೇಕು. ಹಾಗಾಗಿ ಅವಳಿಗೆ ಕಣ್ಣೊರೆಸಿಕೊಳ್ಳಲು ಕೈ ಇರಲಿಲ್ಲ. ಗಲ್ಲದ ಮೇಲಿಂದ ಇಳಿದ ನೀರು ಅಕ್ಕಿಯ ಮೇಲೆ ಬೀಳುತ್ತಿತ್ತು. ನಾವದನ್ನು ಒಳ್ಳೆಯ ಲಕ್ಷಣವೆಂದು ತಿಳಿದೆವು, ತವರು ಬಿಡುವ ಹೆಣ್ಣು ಅಳಬೇಕಲ್ಲವೇ.

ಹೋಗಲು ಮನಸ್ಸಿದೆಯೇ ಎಂದು ಅವಳನ್ನು ನಾವಿಬ್ಬರೂ ಕೇಳಲಿಲ್ಲ. ತುಂಬಿದ ಉಡಿ ಹಿಡಿದವಳು ಒಲ್ಲೆ ಎನ್ನುವುದಾದರೂ ಹೇಗೆ? ನಮಗೆ ಅದು ಆಶೀರ್ವಾದ; ಅವಳ ಪಾಲಿಗೆ ತೀರ್ಪು. ಅಷ್ಟು ಮಂಗಳಕರವಾಗಿ ಒಬ್ಬಳ ಬಾಯಿ ಮುಚ್ಚಿಸಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ.

ಒಂದೂವರೆ ತಿಂಗಳು ಹಾರನ್ ಮೆತ್ತಗೆ ಕೇಳಿಸಿತು. ಆಮೇಲೆ ಒಂದು ಸೋಮವಾರ ಅವಳು ಎಂಟು ಗಂಟೆಗೆ ಬಂದು ಹೊರಗೇ ನಿಂತಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದಿದ್ದಳು. ಮಣಿಕಟ್ಟು ಊದಿ ಬಳೆ ಮಾಂಸದಲ್ಲಿ ಹೂತಿತ್ತು. ಹಿಂದಿನ ಸಂಜೆ ಫೋನಿನಲ್ಲಿ ಅಕ್ಕನ ಜೊತೆ ನಗುತ್ತ ಮಾತಾಡಿದ್ದಳಂತೆ. ಯಾರ ಜೊತೆ ನಗುತ್ತೀ ಎಂದು ಶುರುವಾದದ್ದು ಇಲ್ಲಿಗೆ ಬಂದು ಮುಟ್ಟಿತ್ತು.

"ನಾ ಸಂಡೂರಿಗೆ ಹೊಂಟೀನ್ರಿ, ಅಕ್ಕನ ಮನಿಗೆ. ಇದು ನಿಮಗ ಇಬ್ಬರಿಗೇ ಗೊತ್ತಿರ್ಲಿ," ಎಂದಳು. "ಅಕ್ಕ ಈಗ ಹಳೇ ಮನಿ ಬಿಟ್ಟಾಳ, ಹೊಸಾದು ಅವಂಗ ಗೊತ್ತಿಲ್ಲ. ಈ ಸಲ ಉಡಿ ತುಂಬಬ್ಯಾಡ್ರಿ."

ಕೊನೆಯ ಮಾತನ್ನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಅದು ಇನ್ನೂ ನನ್ನೊಳಗಿದೆ. ಬಳೆಯನ್ನು ಗಂಗವ್ವ ಸೋಪು ಹಚ್ಚಿ ತೆಗೆದಳು, ಮೊದಲು ಹೊಸಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೈಗೆ ಪ್ಲಾಸ್ಟರ್ ಹಾಕಿಸಿ, ಅಲ್ಲಿಂದ ಸಂಡೂರಿನ ಬಸ್ಸು ಹತ್ತಿಸಿದೆವು.

ಎರಡು ದಿನಕ್ಕೆ ಮಲ್ಲೇಶಿ ಬಂದ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಆಟೋವನ್ನು ರಸ್ತೆಯಲ್ಲೇ ಅಡ್ಡಾದಿಡ್ಡಿ ನಿಲ್ಲಿಸಿದ್ದ. ನಾನು ಬೈಯಬೇಕೆಂದುಕೊಂಡಿದ್ದವಳು ಮುಖ ನೋಡಿ ತಟ್ಟೆಗೆ ಎರಡು ರೊಟ್ಟಿ, ಪುಂಡಿಪಲ್ಲೆ ಹಾಕಿ ಮುಂದಿಟ್ಟೆ. ಮುಟ್ಟಲಿಲ್ಲ.

"ನಾ ಕೆಟ್ಟಾಂವಲ್ರಿ ಅಕ್ಕಾರ," ಎಂದ.

"ಕೆಟ್ಟಾಂವ ಅಂತ ಯಾರಂದ್ರು? ಕೆಟ್ಟ ಕೆಲಸ ಮಾಡೀಯಪಾ."

ಗೋಡೆಗೆ ಒರಗಿ ಕೂತ. ಆಮೇಲೆ, ಯಾರಿಗೂ ಹೇಳದ್ದನ್ನು ಹೇಳುವವರು ಹೇಗೆ ನೆಲ ನೋಡುತ್ತ ಹೇಳುತ್ತಾರೋ ಹಾಗೆ, ಚೋರನೂರಿನ ಬಸ್ ನಿಲ್ದಾಣದ ಸುದ್ದಿ ಹೇಳಿದ. ಐದು ವರ್ಷದವನಿದ್ದಾಗ ಅವನ ಅವ್ವ ಅವನನ್ನು ಸೋದರತ್ತೆಯ ಮನೆಯಲ್ಲಿ ಬಿಟ್ಟು, ಬರುವ ಸೋಮವಾರ ಬರ್ತೀನಿ ಎಂದು ಬಸ್ಸು ಹತ್ತಿದಳಂತೆ. ಪ್ರತಿ ಸೋಮವಾರ ಅವನು ನಿಲ್ದಾಣದ ಕಲ್ಲಿನ ಮೇಲೆ ಕೂರುತ್ತಿದ್ದ. ಊರ ಹೊರಗಿನ ತಿರುವಿನಲ್ಲಿ ಬಸ್ಸು ಹಾರನ್ ಹೊಡೆದಾಗ ಎದ್ದು ನಿಲ್ಲುತ್ತಿದ್ದ. ಇಳಿದವರ ಮುಖಗಳನ್ನು ಒಂದೊಂದಾಗಿ ನೋಡಿ ಮತ್ತೆ ಕೂರುತ್ತಿದ್ದ. ಎಷ್ಟು ಸೋಮವಾರ ಎಂದು ಅವನಿಗೂ ಗೊತ್ತಿಲ್ಲ.

"ಆಕಿ ಮುಖ ಕಾಣ್ಲಿಲ್ಲಂದ್ರ ಎದಿ ಡಬಡಬ ಅಂತೈತ್ರಿ. ಹ್ವಾದ್ಲು, ಈಕಿನೂ ಹ್ವಾದ್ಲು ಅಂತ. ಕೈಕಾಲಾಗ ಜೀವ ಇರಂಗಿಲ್ಲ. ಆಮ್ಯಾಲ ಸಿಟ್ಟು ಬರತೈತಿ. ಸಿಟ್ಟು ಬಂತಂದ್ರ…" ಎಂದು ತಡೆದ. "ಸಿಟ್ಟು ಬಂತಂದ್ರ ಆರಾಮ ಅನ್ನಿಸತೈತ್ರಿ."

ಈ ಮಾತು ನನ್ನ ಹುಬ್ಬಿಗೇ ಬಡಿದಂತಾಯಿತು. ನಾನು ಇಷ್ಟು ವರ್ಷ ತಿಣುಕಿ ಹುಡುಕುತ್ತಿದ್ದುದನ್ನು ಈ ಹುಡುಗ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ. ಹೆದರಿಕೆಯಲ್ಲಿ ಮನುಷ್ಯ ಐದು ವರ್ಷದವನಾಗಿ ಕಲ್ಲಿನ ಮೇಲೆ ಕೂರುತ್ತಾನೆ. ಸಿಟ್ಟಿನಲ್ಲಿ ಆರಡಿ ಎತ್ತರಕ್ಕೆ ಎದ್ದು ನಿಲ್ಲುತ್ತಾನೆ. ಕೂತಿರುವುದಕ್ಕಿಂತ ನಿಲ್ಲುವುದು ಯಾರಿಗೆ ಬೇಡ? ಪ್ರೀತಿಸಿದವರ ಮೇಲೆ ಕೈ ಮಾಡುವ ಎಷ್ಟೋ ಜನ ದ್ವೇಷಕ್ಕೆ ಹೊಡೆಯುವುದಿಲ್ಲ, ಬಿಟ್ಟು ಹೋದಾರೆಂಬ ಭಯಕ್ಕೆ ಹೊಡೆಯುತ್ತಾರೆ. ಹೊಡೆದೇ ಅವರನ್ನು ಬಿಟ್ಟು ಹೋಗುವಂತೆ ಮಾಡುತ್ತಾರೆ. ಹೋದಾಗ, ನೋಡಿ, ನಾನು ಹೇಳಿರಲಿಲ್ಲವೇ ಎನ್ನುತ್ತಾರೆ. ಮಲ್ಲೇಶಿ ದಿನಕ್ಕೆ ಹನ್ನೆರಡು ಸಲ ನೋಡುತ್ತಿದ್ದದ್ದು ರೇಣುಕಾಳ ಮುಖವನ್ನಲ್ಲ. ಬಸ್ಸಿನಿಂದ ಇಳಿಯದೇ ಹೋದ ಇನ್ನೊಂದು ಮುಖವನ್ನು.

ಆದರೆ ಅದೇ ಹೊತ್ತಿಗೆ ಪಕ್ಕದ ಒಲೆಯ ಮುಂದೆ ಕೂತ ಗಂಗವ್ವ ನನ್ನ ಕಣ್ಣಿಗೆ ಬಿದ್ದಳು. ಗಂಡ ಹೇಳದೆ ಕೇಳದೆ ಬಿಟ್ಟು ಹೋದ ಹೆಂಗಸು. ಮೂವತ್ತು ವರ್ಷ ಅವಳ ನಾಲಿಗೆ ಊರನ್ನೆಲ್ಲ ಚುಚ್ಚಿದೆ, ಕೈ ಮಾತ್ರ ಒಂದು ಮಗುವಿನ ಮೇಲೂ ಎದ್ದದ್ದು ನಾನು ಕಂಡಿಲ್ಲ. ತಮ್ಮವರು ಬಿಟ್ಟು ಹೋದ ನೋವುಂಡವರೆಲ್ಲ ಹೊಡೆಯುವುದಿಲ್ಲ. ಹೆದರಿಕೆ ತಾನಾಗಿ ಬರುತ್ತದೆ. ಕೈಯನ್ನು ನಾವೇ ಎತ್ತಬೇಕು. ತಂಬಿಗೆಯನ್ನು ನಾನೇ ಎತ್ತಿದ್ದೆ. ನನ್ನ ಗಂಡನಿಗಾದರೋ ಕಂಪ್ಲಿಯಲ್ಲಿ ರೂಮ್ ಮಾಡಿಕೊಳ್ಳುವ ದಾರಿಯಿತ್ತು, ಅದನ್ನು ಹೇಳುವ ಧೈರ್ಯವಿತ್ತು. ರೇಣುಕಾಳಿಗೆ ಇದ್ದದ್ದು ನಾವು. ನಾವು ಅಕ್ಕಿ ಕೊಬ್ಬರಿ ಕಟ್ಟಿ ಹಿಂದಕ್ಕೆ ಕಳಿಸಿದ್ದೆವು.

"ಎಲ್ಲಿ ಅದಾಳ್ರಿ ಅಕ್ಕಾರ?"

"ಗೊತ್ತೈತಿ. ಹೇಳಂಗಿಲ್ಲ."

"ದೂರ ನಿಂತು ಮುಖ ಒಮ್ಮೆ ನೋಡ್ತೀನ್ರಿ. ಅಷ್ಟ. ಮಾತೂ ಆಡಂಗಿಲ್ಲ."

"ಹೇಳಂಗಿಲ್ಲ, ಮಲ್ಲೇಶಿ."

ಅವನು ಎದ್ದ. ತಟ್ಟೆ ಕಾಲಿಗೆ ತಗುಲಿ ರೊಟ್ಟಿ ನೆಲಕ್ಕೆ ಬಿತ್ತು. ಐದು ವರ್ಷದ ಮಗು ನನ್ನ ಕಣ್ಣೆದುರೇ ಆರಡಿಯವನಾಯಿತು. ಬಲಗೈ ಅವನ ಕಿವಿಯ ಮಟ್ಟಕ್ಕೆ ಎದ್ದಿತ್ತು. ನನ್ನ ಬೆನ್ನ ಹಿಂದೆ ಉರಿಯುವ ಒಲೆ. ಹಿಂದಕ್ಕೆ ಸರಿಯಲು ಒಂದು ಹೆಜ್ಜೆಯೂ ಇರಲಿಲ್ಲ.

"ಇಳಸಲೇ ಕೈ!" ಗಂಗವ್ವ ಕೂತಲ್ಲಿಂದಲೇ ಗುಡುಗಿದಳು. "ಯಾರ ಮ್ಯಾಲ ಎತ್ತೀದಿ, ನೋಡ್ಕ್ಯಾ!"

ಅವನು ನೋಡಿಕೊಂಡ. ನನ್ನನ್ನಲ್ಲ, ತನ್ನ ಕೈಯನ್ನು. ಯಾರದೋ ಕೈ ತನ್ನ ತೋಳಿಗೆ ಬಂದು ಅಂಟಿಕೊಂಡಿದೆಯೇನೋ ಎಂಬಂತೆ ನೋಡಿದ. ಕೈ ಇಳಿಯಿತು, ಅವನೂ ಇಳಿದು ನೆಲದ ಮೇಲೆ ಕೂತ. ನಾನೂ ಕೂತೆ. ಬಿದ್ದ ರೊಟ್ಟಿಯನ್ನು ತಟ್ಟೆಗೆ ಎತ್ತಿಟ್ಟು, ತಂಬಿಗೆಯ ಸಂಗತಿಯನ್ನು ಅವನಿಗೆ ಹೇಳಿದೆ. ಮನೆಯವರನ್ನು ಬಿಟ್ಟರೆ ಮೊದಲ ಸಲ ಇನ್ನೊಬ್ಬರಿಗೆ. ಹೊಸಪೇಟೆಯ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಕೂರುತ್ತಾರೆ, ರೇಣುಕಾಳ ಕೈಗೆ ಪ್ಲಾಸ್ಟರ್ ಹಾಕಿಸಲು ಹೋದಾಗ ಬಾಗಿಲ ಮೇಲಿನ ಬೋರ್ಡು ಓದಿದ್ದೇನೆ, ಹೋಗು ಎಂದೆ.

"ನನಗೇನು ಹುಚ್ಚು ಹಿಡದೈತೇನ್ರಿ?"

"ಹುಚ್ಚು ಹಿಡದವರು ಇಷ್ಟು ಚಂದ ಹಾರನ್ ಹೊಡೀತಾರೇನಲೇ?" ಎಂದಳು ಗಂಗವ್ವ. "ಹೋಗು. ಸಿಟ್ಟಿನ್ಯಾಗ ಆರಾಮ ಸಿಗತೈತಿ ಅಂದೆಲ್ಲ, ಅದನ್ನ ಅವರ ಮುಂದ ಹೇಳು. ಆಕಿ ಮೈಮ್ಯಾಲ ಹೇಳಬ್ಯಾಡ."

ಹೋದ. ಒಂದು ಸಲವಲ್ಲ, ಈವರೆಗೆ ನಾಲ್ಕು ಗುರುವಾರ ಹೋಗಿದ್ದಾನೆ. ಬದಲಾದನೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ನಾಲ್ಕು ಗುರುವಾರಕ್ಕೆ ಅಷ್ಟೊಂದು ಸೋಮವಾರ ಅಳಿಸಿಹೋಗುತ್ತವೆಂದು ನಂಬುವಷ್ಟು ಸಣ್ಣವಳಲ್ಲ ನಾನು. ಆದರೂ ಕಳೆದ ವಾರ ಅವನು ಬಂದು, "ಹೋಗಾಕತ್ತೀನಿ ಅಂತ ಆಕಿಗೆ ಒಂದು ಮಾತು ತಿಳಿಸ್ರಿ, ಬೇರೇನೂ ಬ್ಯಾಡ," ಎಂದಾಗ, ತಿಳಿಸುವುದರಲ್ಲಿ ತಪ್ಪಿಲ್ಲವೆನಿಸಿ ಸಂಡೂರಿಗೆ ಹೊರಟೆ. ನಿಜ ಹೇಳಬೇಕೆಂದರೆ ಮನಸ್ಸಿನ ಮೂಲೆಯಲ್ಲಿ, ಒಡೆದ ಸಂಸಾರಗಳನ್ನು ಕೂಡಿಸಲು ಓಡುವ ಹಳೆಯ ಸರೋಜಾ ಇನ್ನೂ ಕೂತಿದ್ದಳು. ಬರುವಾಗ ಇಬ್ಬರಾಗಿ ಬರಬಹುದೇನೋ ಎಂದು ಲೆಕ್ಕ ಹಾಕುತ್ತಿದ್ದಳು.

ಅವಳ ಅಕ್ಕ ಮನೆಯ ಮುಂಭಾಗದಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದಾಳೆ. ರೇಣುಕಾ ಪಕ್ಕದಲ್ಲಿ ಕೂತು ಕುಪ್ಪಸಗಳಿಗೆ ಹುಕ್ಕು ಹಚ್ಚುತ್ತಿದ್ದಳು. ಪ್ಲಾಸ್ಟರ್ ಬಿಚ್ಚಿದ್ದರು, ಮಣಿಕಟ್ಟು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ. ಮೊದಲು ನನ್ನ ತಪ್ಪು ಹೇಳಿಕೊಂಡೆ: "ಅವತ್ತು ನಿನ್ನ ಕೇಳಲಾರದ ಕಳಿಸಿಬಿಟ್ಟೆ, ರೇಣುಕಾ." ಅವಳು ದಾರ ಕಚ್ಚಿ ತುಂಡರಿಸುತ್ತ ಹೂಂ ಎಂದಳು, ಅಷ್ಟೇ. ಆಮೇಲೆ ಮಲ್ಲೇಶಿಯ ಮಾತು ಮುಟ್ಟಿಸಿದೆ. ಬಸ್ ನಿಲ್ದಾಣದ ಕಲ್ಲಿನ ಸುದ್ದಿ ಅವಳಿಗೂ ಅವನು ಎಂದೂ ಹೇಳಿರಲಿಲ್ಲ. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿತು. ಅವನು ನನ್ನ ಮೇಲೆ ಕೈ ಎತ್ತಿದ್ದನ್ನು ಹೇಳಬಾರದೆಂದುಕೊಂಡೇ ಹೋಗಿದ್ದೆ. ಹೇಳದಿದ್ದರೆ ಅದು ಇನ್ನೊಂದು ಕೊಡ ಜಾರಿದಂತಾಗುತ್ತಿತ್ತು. ಹೇಳಿದೆ.

ಸೂಜಿ ನಿಂತಿತು. "ಅವ ಕೈ ಎತ್ತಿದಾಗ ನಿಮಗ ಹೆದರಿಕಿ ಆತೇನ್ರಿ, ಅಕ್ಕಾರ?"

ಐವತ್ತು ದಾಟಿದ ಹೆಂಗಸು, ನನಗೆಂಥ ಹೆದರಿಕೆ, ಅಂಥವರನ್ನು ಎಷ್ಟೋ ಕಂಡಿದ್ದೇನೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು.

"ಭಾಳ ಆತು," ಎಂದೆ. "ಕೈಕಾಲು ತಣ್ಣಗ ಆಗಿಬಿಟ್ಟವು. ಆವತ್ತು ಆಮ್ಯಾಲ ಒಂದು ರೊಟ್ಟಿನೂ ದುಂಡಗ ಬರ್ಲಿಲ್ಲ."

"ಒಂದು ಸಲ ಎತ್ತಿದ್ದಕ್ಕ?"

"ಒಂದು ಸಲ ಎತ್ತಿದ್ದಕ್ಕ. ಮೈಮ್ಯಾಲ ಬೀಳಲಿಲ್ಲ ಸುದ್ಧಾ."

ಅವಳು ನನ್ನನ್ನು ತುಂಬ ಹೊತ್ತು ನೋಡಿದಳು. ಎರಡು ವರ್ಷ ಎದುರಿಗೆ ಕೂತು ಕೆಲಸ ಮಾಡಿದವಳನ್ನು ಈಗ ಮೊದಲ ಸಲ ನೋಡುತ್ತಿರುವ ಹಾಗೆ.

"ನಾ ಒಬ್ಬಾಕೇ ಪುಕ್ಕಲಿ ಅಂತ ತಿಳಕೊಂಡಿದ್ದೆ ನೋಡ್ರಿ," ಎಂದಳು. ಆಮೇಲೆ ಹುಕ್ಕನ್ನು ಬಟ್ಟೆಯ ಮೇಲಿಟ್ಟು ಸೂಜಿ ಚುಚ್ಚಿ, ಒಂದೊಂದೇ ಹೊಲಿಗೆಗೆ ಒಂದೊಂದು ಮಾತು ಎಂಬಂತೆ ಹೇಳಿದಳು: "ಅವ ದವಾಖಾನಿಗೆ ಹೋಗೋದು ಚಲೋ ಆತು. ಹೋಗ್ಲಿ. ನನ್ನ ಕರಕೊಂಡು ಬರಾಕ ಅಂತ ಹೋಗೋದು ಬ್ಯಾಡ, ತನಗ ಅಂತ ಹೋಗ್ಲಿ. ಆ ಕಲ್ಲಿನ ಮ್ಯಾಲ ಕುಂತ ಹುಡುಗನ್ನ ನೆನಸಿಕೊಂಡ್ರ ನನಗ ಅಳು ಬರತೈತ್ರಿ. ಆದ್ರ ಆ ಹುಡುಗಗ ನಾ ಅವ್ವ ಅಲ್ಲ. ನಾ ಈಗ ಬರಂಗಿಲ್ಲ. ಯಾವಾಗ ಬರ್ತಿ ಅಂತ ಅವ ಕೇಳೋದು ಬ್ಯಾಡ. ನೀವೂ ಕೇಳಬ್ಯಾಡ್ರಿ."

"ಕೇಳಂಗಿಲ್ಲ," ಎಂದೆ.

ಊಟ ಮಾಡಿಸದೆ ಬಿಡಲಿಲ್ಲ. ಮೂರರ ಬಸ್ಸಿಗೆ ನಿಲ್ದಾಣದವರೆಗೆ ಬಂದಳು. ಬಸ್ಸು ಹೊರಡುವ ಮೊದಲೇ, ಹೊಲಿಗೆ ಅರ್ಧಕ್ಕೆ ಬಿಟ್ಟು ಬಂದೀನ್ರಿ ಎಂದು ತಿರುಗಿ ಹೊರಟಳು. ನಾನು ಕೂಗಿ ನಿಲ್ಲಿಸಲಿಲ್ಲ. ಕೆಂಪು ಧೂಳು ಹೊದ್ದ ಗುಡ್ಡದ ತಿರುವಿನಲ್ಲಿ ಬಸ್ಸು ಏದುಸಿರು ಬಿಡುತ್ತ ಏರುವಾಗ ಕಂಡಕ್ಟರು ಬಂದು, ಪಕ್ಕದ ಖಾಲಿ ಸೀಟನ್ನೂ ನನ್ನನ್ನೂ ನೋಡಿ, "ಎಷ್ಟು ಮಂದಿ ರೀ, ಯವ್ವಾ?" ಎಂದು ಕೇಳಿದರು.

"ಒಬ್ಬಾಕೇ," ಎಂದೆ. ಬುದ್ಧಿ ಹೇಳಿ ಕರೆತರಲು ಹೋದ ಮನೆಯಿಂದ ಒಬ್ಬಳೇ ತಿರುಗಿ ಬರುವುದು ನನ್ನ ಆಯುಷ್ಯದಲ್ಲಿ ಇದೇ ಮೊದಲು. ಚೀಲವನ್ನು ಆ ಖಾಲಿ ಸೀಟಿನ ಮೇಲಿಟ್ಟು, ಕಿಟಕಿಯ ಗಾಜು ಸರಿಸಿ, ಗಾಳಿಗೆ ಮುಖ ಕೊಟ್ಟು ಕುಳಿತೆ.